ಮಕ್ಕಳ ಕಲ್ಯಾಣ ಸಮಿತಿ: ಗೌರವಧನ ಸಾಲದು, ಅನುಭವಿಗಳಿಗೆ ಬಾಗಿಲು ತೆರೆದಿಲ್ಲ

ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷ ಮತ್ತು ಸದಸ್ಯ ಸ್ಥಾನಗಳಿಗೆ ಅರ್ಜಿ ಆಹ್ವಾನಿಸಿ ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗಲೆಲ್ಲ ಜನ ಕೇಳುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’ ಎಂದು. ಸಂಬಳ ಇಲ್ಲ ಎಂಬುದೇ ಅದಕ್ಕೆ ಉತ್ತರ. ಇರುವುದು ಕುಳಿತ ಸಭೆಗೆ ಇಷ್ಟು ಎಂದು ಕೊಡುವ ಭತ್ಯೆ ಮಾತ್ರ.

ಸಮಿತಿಯ ಹೊಣೆಯಾದರೋ ಸಣ್ಣದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ. ಬಸ್ ನಿಲ್ದಾಣದಲ್ಲಿ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಇವರ ಮುಂದೆ ಹಾಜರುಪಡಿಸಬೇಕು. ಮಗು ಮರಳಿ ಮನೆಗೆ ಹೋಗಬೇಕೋ, ಬಾಲಮಂದಿರಕ್ಕೋ ಎಂದು ತೀರ್ಮಾನಿಸುವವರು ಇವರೇ. ಅನಾಥ ಮಗುವನ್ನು ದತ್ತು ಕೊಡಬಹುದೆಂದು ಘೋಷಿಸುವವರೂ ಇವರೇ. ಮಕ್ಕಳ ಆಶ್ರಮ ನಡೆಸುವ ನಮ್ಮ ಧರ್ಮಭಗಿನಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ 2007ರ ಮಾದರಿ ನಿಯಮಗಳು ಸಭೆಯೊಂದಕ್ಕೆ ಕನಿಷ್ಠ 500 ರೂಪಾಯಿ ಎಂದವು. 2016ರ ನಿಯಮಗಳಲ್ಲಿ ಅದು ಕನಿಷ್ಠ 1,500 ಆಯಿತು. 2022ರಲ್ಲಿ ಬಂದ ಮಿಷನ್ ವಾತ್ಸಲ್ಯ ಮಾರ್ಗಸೂಚಿ 2,000 ರೂಪಾಯಿಗೆ ಏರಿಸಿತು. ತಿಂಗಳಿಗೆ 20 ಸಭೆ ಎಂದು ಲೆಕ್ಕ ಹಾಕಿದರೆ ಒಬ್ಬರಿಗೆ 40,000 ರೂಪಾಯಿ, ಐವರಿಗೆ ವರ್ಷಕ್ಕೆ 24 ಲಕ್ಷ. ಒಂದು ಇಡೀ ಜಿಲ್ಲೆಯ ಮಕ್ಕಳ ವಿಷಯಕ್ಕೆ ಇದು ದೊಡ್ಡ ಮೊತ್ತವೆಂದು ಯಾರೂ ಹೇಳಲಾರರು.

ಆದರೆ ತೊಡಕಿರುವುದು ಮೊತ್ತದಲ್ಲಿ ಮಾತ್ರವಲ್ಲ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು ಎಂದು ಕಾಯ್ದೆ ಹೇಳುತ್ತದೆ. ಯೋಜನೆ ಹಣ ಇಟ್ಟಿರುವುದೂ 20 ಸಭೆಗಳಿಗೇ. ಅಂದರೆ ಕಾಯ್ದೆಯ ಕನಿಷ್ಠವೇ ಖಜಾನೆಯ ಗರಿಷ್ಠ. ಬಾಲಮಂದಿರಕ್ಕೆ ಭೇಟಿ ಕೊಟ್ಟರೆ ಅದನ್ನೂ ಸಭೆಯೆಂದೇ ಪರಿಗಣಿಸಬೇಕು ಎಂದು ಕಾಯ್ದೆಯಲ್ಲಿದೆ, ಅಷ್ಟರಮಟ್ಟಿಗೆ ಒಳ್ಳೆಯದು. ಸಮಿತಿ ಸೇರದ ಹೊತ್ತಿನಲ್ಲಿ, ರಾತ್ರಿಯೇ ಆಗಲಿ, ಪೊಲೀಸರು ಮಗುವನ್ನು ಒಬ್ಬ ಸದಸ್ಯರ ಬಳಿಗೆ ಕರೆತರಬಹುದು ಎಂದೂ ಇದೆ. ಆ ಹೊತ್ತಿನ ಕೆಲಸವನ್ನು ಸಭೆಯೆಂದು ಎಣಿಸುವ ಮಾತು ಮಾತ್ರ ಕಾಯ್ದೆಯಲ್ಲಿಲ್ಲ. ವರ್ಷದ ಸಭೆಗಳಲ್ಲಿ ಮುಕ್ಕಾಲು ಪಾಲಿಗೆ ಹಾಜರಾಗದಿದ್ದರೆ ಸದಸ್ಯತ್ವವೇ ಹೋಗುತ್ತದೆ. ತಿಂಗಳಿಗೆ 20 ದಿನ ಕಚೇರಿಗೆ ಬರಬೇಕಾದ ವಕೀಲರು ಅಥವಾ ಮನೋವೈದ್ಯರು ತಮ್ಮ ವೃತ್ತಿಯನ್ನು ಯಾವಾಗ ಮಾಡಬೇಕು?

ಇಷ್ಟು ಕಾಲ ಈ ಕೊರತೆಯನ್ನು ತುಂಬಿದವರಲ್ಲಿ ಸೇವಾಸಂಸ್ಥೆಗಳ ಜನರೂ ಇದ್ದರು. ಊಟ-ವಸತಿಯ ಚಿಂತೆಯನ್ನು ಸಂಸ್ಥೆ ನೋಡಿಕೊಳ್ಳುತ್ತಿದ್ದರೆ ಭತ್ಯೆ ಕಡಿಮೆಯಾದರೂ ನಡೆಯುತ್ತದೆ. 2021ರ ತಿದ್ದುಪಡಿ ಇದನ್ನು ಬದಲಿಸಿತು. ಜಿಲ್ಲೆಯ ಮಕ್ಕಳ ಪಾಲನಾ ಸಂಸ್ಥೆಯ ಆಡಳಿತದಲ್ಲಿರುವವರು ಸಮಿತಿಗೆ ಬರುವಂತಿಲ್ಲ. ಇದು ನ್ಯಾಯವೇ, ಆಶ್ರಮ ನಡೆಸುವವರೇ ಆಶ್ರಮದ ತಪ್ಪು ಒಪ್ಪುಗಳನ್ನು ತೀರ್ಮಾನಿಸಬಾರದು. ನಮಗೆ ಅನನುಕೂಲವಾಯಿತೆಂದು ಇದನ್ನು ದೂರುವುದು ಸರಿಯಲ್ಲ. ಆದರೆ 2022ರ ನಿಯಮಗಳು ಇನ್ನೂ ಮುಂದೆ ಹೋಗಿ, ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯೊಂದಿಗೆ ಸಂಬಂಧವಿರುವವರನ್ನೂ ಅನರ್ಹಗೊಳಿಸಿದವು. ಆ ಸಂಸ್ಥೆ ಮಕ್ಕಳ ಆಶ್ರಮವನ್ನೇ ನಡೆಸಬೇಕೆಂದಿಲ್ಲ. ಹೀಗೆ ಓದಿದರೆ ಎಷ್ಟೋ ಧರ್ಮಭಗಿನಿಯರೂ ಸಮಾಜ ಸೇವಾ ಸಂಸ್ಥೆಗಳ ಕಾರ್ಯಕರ್ತರೂ ಅರ್ಜಿ ಹಾಕುವ ಮೊದಲೇ ಹೊರಗುಳಿಯುತ್ತಾರೆ. ಭತ್ಯೆಯ ಲೆಕ್ಕ ನೋಡದೆ ಬರುತ್ತಿದ್ದವರಿಗೆ ಬಾಗಿಲು ಮುಚ್ಚಿದ ಸರಕಾರ, ಲೆಕ್ಕ ನೋಡಲೇಬೇಕಾದ ಸಂಸಾರಸ್ಥರು ಬರುವಷ್ಟು ಹಣವನ್ನು ಇಡಲಿಲ್ಲ.

ಸ್ಥಾನ ಖಾಲಿಯಾದರೆ ನಷ್ಟ ಮಗುವಿಗೆ. ಪ್ರಕರಣದ ಅಂತಿಮ ತೀರ್ಮಾನಕ್ಕೆ ಕನಿಷ್ಠ ಮೂವರು ಸದಸ್ಯರು ಬೇಕು. ದತ್ತಕಕ್ಕೆ ಮುಕ್ತವೆಂದು ಘೋಷಿಸಲೂ ಮೂವರು ಬೇಕು. ಎರಡು ವರ್ಷದೊಳಗಿನ ಮಗುವಾದರೆ ಆ ಘೋಷಣೆಗೆ ಕಾಯ್ದೆ ಕೊಟ್ಟ ಗಡುವು ಎರಡು ತಿಂಗಳು. ಇಬ್ಬರೇ ಇರುವ ಸಮಿತಿಯಲ್ಲಿ ಆ ಹಸುಳೆ ತೊಟ್ಟಿಲಲ್ಲೇ ಕಾಯಬೇಕು, ಅತ್ತ ದತ್ತು ಬಯಸಿದ ದಂಪತಿಯೂ ಕಾಯಬೇಕು. ಖಾಲಿ ಸ್ಥಾನಗಳನ್ನು ಬೇಗ ತುಂಬಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸಂಪೂರ್ಣ ಬೆಹುರಾ ಪ್ರಕರಣದಲ್ಲಿ ರಾಜ್ಯಗಳಿಗೆ ಹೇಳಿದ್ದೂ ಇದಕ್ಕಾಗಿಯೇ.

ರಾತ್ರಿಯ ಕೆಲಸವನ್ನೂ ಸಭೆಯೆಂದು ಎಣಿಸುವುದು, 20ರ ನಂತರದ ಸಭೆಗಳಿಗೆ ರಾಜ್ಯ ಸರಕಾರವೇ ಭತ್ಯೆ ಕೊಡುವುದು, ಬಾಕಿ ಇಡದೆ ತಿಂಗಳು ತಿಂಗಳು ಪಾವತಿಸುವುದು ಇವಿಷ್ಟಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ. 1,500 ಎಂಬುದು ನಿಯಮದಲ್ಲಿ ಕನಿಷ್ಠ ಮೊತ್ತ; ಹೆಚ್ಚು ಕೊಡಲು ರಾಜ್ಯಕ್ಕೆ ಯಾರೂ ಅಡ್ಡಿ ಮಾಡಿಲ್ಲ. ನಮ್ಮ ಶಾಸಕರ ಮುಂದೆ ಕೇಳಬಹುದಾದ ಬೇಡಿಕೆ ಇದು.

ಇನ್ನು ನಮ್ಮ ಚರ್ಚುಗಳ ಶ್ರೀಸಾಮಾನ್ಯರಲ್ಲಿ ಮಕ್ಕಳ ಶಿಕ್ಷಣ, ಆರೋಗ್ಯ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷ ಸಕ್ರಿಯರಾಗಿದ್ದವರಿದ್ದಾರೆ, ಕಾನೂನು, ಸಮಾಜಕಾರ್ಯ ಕಲಿತು ವೃತ್ತಿಯಲ್ಲಿರುವವರಿದ್ದಾರೆ. ಅಂಥವರು ಮುಂದಿನ ಪ್ರಕಟಣೆ ಬಂದಾಗ ಅರ್ಜಿ ಹಾಕಬಹುದು. ಅವಧಿ ಮೂರು ವರ್ಷ. ಹಾಕುವ ಮೊದಲು, ತಾವು ಸದಸ್ಯರಾಗಿರುವ ಟ್ರಸ್ಟ್ ಅಥವಾ ಸಂಘಕ್ಕೆ ವಿದೇಶಿ ದೇಣಿಗೆ ಬರುತ್ತದೆಯೇ ಎಂದು ಅದರ ಲೆಕ್ಕಪತ್ರ ನೋಡುವವರಲ್ಲಿ ಕೇಳಿಕೊಳ್ಳಲಿ.