ತಂಪುಕೋಣೆಯ ಗೋಡೆಯೊಳಗೆ ಏನಿದೆ?

ನಮ್ಮ ಜತ್ತ ಸೀಮೆಯಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಈಚೆಗೆ ಊರಲ್ಲಿಯೇ ತಂಪುಕೋಣೆ ಕಟ್ಟಿಸುವ ಮಾತಾಡುತ್ತಿದ್ದಾರೆ. ಮಾತು ಒಳ್ಳೆಯದೇ. ಧಾರಣೆ ಬಿದ್ದ ದಿನವೇ ಮಾಲನ್ನು ದಲಾಲಿಯ ಕೈಗೆ ಹಾಕಿ ಬರುವ ಬದಲು, ತಡೆದು ಮಾರುವ ಶಕ್ತಿ ರೈತನಿಗೆ ಬಂದರೆ ಬೇಡವೆನ್ನುವವರಾರು? ಆದರೆ ಬೆಂಕಿಯ ವಿಚಾರವೇನು ಎಂದು ಕೇಳಿದರೆ ನಗುತ್ತಾರೆ. “ಕಲ್ಲಿನ ಗ್ವಾಡಿ, ಕಬ್ಬಿಣದ ಕಂಬ, ಮ್ಯಾಲೆ ತಗಡು, ಸುಡಾಕ ಅಲ್ಲೇನೈತ್ರಿ ಮಾಸ್ತರ?”

ಸುಡುವ ವಸ್ತು ಇರುವುದು ಹಲಗೆಯ ಹೊಟ್ಟೆಯಲ್ಲಿ. ತಂಪುಕೋಣೆಯ ಹಲಗೆ ಎಂದರೆ ಎರಡು ತೆಳು ತಗಡು, ನಡುವೆ ಪಾಲಿಯುರೆಥೇನ್ ಎಂಬ ನೊರೆ ಪ್ಲಾಸ್ಟಿಕ್. ‘ಪಫ್’ ಎಂದು ಕರೆಯುವುದು ಇದನ್ನೇ. ಕೆಲವರು ಥರ್ಮಾಕೋಲನ್ನೂ ತುಂಬುತ್ತಾರೆ. ಹೊರಗಿನ ಕಾವನ್ನು ತಡೆಯುವುದರಲ್ಲಿ ಇವು ಗಟ್ಟಿಗವು. ಆದರೆ ಒಮ್ಮೆ ಹತ್ತಿಕೊಂಡರೆ ಉರಿ ತಗಡಿನ ಮರೆಯಲ್ಲಿ ಓಡುತ್ತದೆ, ನೀರು ಅಲ್ಲಿಗೆ ತಲುಪುವುದಿಲ್ಲ. ಪಾಲಿಯುರೆಥೇನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆಗೆ ಸೈನೈಡ್ ಅನಿಲವೂ ಇರುತ್ತದೆ.

ಅಮೆರಿಕದ ವುಸ್ಟರ್ ಪಟ್ಟಣದಲ್ಲಿ ಹಳೆಯದೊಂದು ಶೀತಗೃಹವಿತ್ತು. ದಪ್ಪ ಇಟ್ಟಿಗೆಯ ಗೋಡೆ. ಒಳಮೈಗೆ ಬೆಂಡು, ಡಾಂಬರು, ನೊರೆ ಪ್ಲಾಸ್ಟಿಕ್. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ೧೯೯೯ರ ಡಿಸೆಂಬರ್ ೩ರಂದು ಅದಕ್ಕೆ ಬೆಂಕಿ ಬಿದ್ದಾಗ ಒಳಹೊಕ್ಕ ಅಗ್ನಿಶಾಮಕ ದಳದವರಲ್ಲಿ ೬ ಮಂದಿ ಹೊಗೆಯಲ್ಲಿ ದಾರಿಗಾಣದೆ ಸತ್ತರು. ದಕ್ಷಿಣ ಕೊರಿಯದ ಇಚಿಯೋನ್ ಎಂಬಲ್ಲಿ ೨೦೦೮ರ ಜನವರಿಯಲ್ಲಿ ಶೀತಗೃಹವೊಂದು ಉರಿದು ೪೦ ಜನ ಹೋದರು. ಅದೇ ಊರಲ್ಲಿ ೨೦೨೦ರ ಏಪ್ರಿಲಿನಲ್ಲಿ, ಕಟ್ಟುತ್ತಿದ್ದ ಗೋದಾಮಿನಲ್ಲಿ ೩೮ ಜನ. ಎರಡನೆಯ ಸಲ ಬೆಸುಗೆಯ ಕಿಡಿ ಯುರೆಥೇನ್ ನೊರೆಗೆ ತಾಗಿತ್ತು.

ಅಮೆರಿಕದವರ ಕಟ್ಟಡ ಸಂಹಿತೆಯಲ್ಲಿ ಈ ಪಾಠ ಲೆಕ್ಕದ ರೂಪದಲ್ಲಿದೆ. ಸುಡದ ವಸ್ತುವಿನಿಂದ ಕಟ್ಟಿದ ಕಟ್ಟಡದಲ್ಲಿಯೂ ನೊರೆ ಪ್ಲಾಸ್ಟಿಕ್ಕಿಗೆ ಸುಮ್ಮನೆ ಪ್ರವೇಶವಿಲ್ಲ. ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಏರ್ಪಾಡು ಇಲ್ಲದ ಕಡೆ, ತಗಡು ಹೊದಿಸಿದ ತಂಪುಕೋಣೆಗಳೆಲ್ಲ ಸೇರಿ ೪೦೦ ಚದರಡಿ ಮೀರಬಾರದು, ಅಂದರೆ ೨೦ಕ್ಕೆ ೨೦ ಅಡಿಯ ಒಂದು ಕೋಣೆ. ನೊರೆಯ ದಪ್ಪ ೪ ಅಂಗುಲದೊಳಗೆ. ಉಕ್ಕಿನ ತಗಡು ಕನಿಷ್ಠ ೦.೪ ಮಿಲಿಮೀಟರ್, ಅಲ್ಯುಮಿನಿಯಂ ಆದರೆ ೦.೮. ಉರಿ ಹರಡುವ ಅಂಕ ೭೫ಕ್ಕಿಂತ ಹೆಚ್ಚಿರಬಾರದು. ಈ ಅಂಕವೆಂದರೆ, ಸಿಮೆಂಟು ಹಲಗೆಗೆ ಸೊನ್ನೆ, ಓಕ್ ಮರಕ್ಕೆ ಸುಮಾರು ೧೦೦ ಎಂದು ಹಿಡಿದು ಮಾಡುವ ಅಳತೆ. ನೊರೆಯ ದಪ್ಪ ೧೦ ಅಂಗುಲದವರೆಗೂ ಹೋಗಬೇಕಾದರೆ ಸ್ಪ್ರಿಂಕ್ಲರ್ ಬೇಕು, ಅಂಕ ೨೫ಕ್ಕೆ ಇಳಿಯಬೇಕು. ಇಲ್ಲವೇ ನೊರೆಗೆ ಶಾಖ ತಡೆಯುವ ಬೇರೆ ಹೊದಿಕೆ ಬೇಕು. ಹೆಪ್ಪುಗಟ್ಟಿಸುವ ಕೋಣೆಗೆ ದಪ್ಪ ಬೇಕಾದೀತು. ನಮ್ಮ ಹಣ್ಣಿಗೆ ೪ ಅಂಗುಲ ಸಾಲುತ್ತದೆ.

ಪರದೇಶದ ಕಾಯಿದೆ ನಮಗೇಕೆ ಎನ್ನುವವರುಂಟು. ನಮ್ಮಲ್ಲಿಯೂ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ಅದರ ನಾಲ್ಕನೆಯ ಭಾಗವೆಲ್ಲ ಬೆಂಕಿಯ ವಿಚಾರವೇ. ಆದರೆ ಅದು ತಾನಾಗಿ ಕಾಯಿದೆಯಲ್ಲ, ಸರಕಾರವೋ ಸ್ಥಳೀಯ ಸಂಸ್ಥೆಯೋ ತನ್ನ ನಿಯಮದಲ್ಲಿ ಸೇರಿಸಿಕೊಳ್ಳಬೇಕು. ತೋಟದ ಮೂಲೆಯಲ್ಲಿ ಏಳುವ ಕೋಣೆಯನ್ನು ಅಳೆದು ನೋಡುವವರು ಯಾರು? ಮಾರುವವನು ಕೊಡುವ ಕಾಗದ ಇಂಗ್ಲಿಷಿನಲ್ಲಿ, ಸಾಲದ ಕಾಗದ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮವನು ಎರಡಕ್ಕೂ ಓದದೆ ರುಜು ಹಾಕುತ್ತಾನೆ. ಈ ತಪ್ಪನ್ನು ನಾವೂ ಮಾಡಿದವರೇ.

ಆದ್ದರಿಂದ ಸಾಲ ಕೊಡುವ ಸಹಕಾರಿ ಸಂಘಗಳೇ ಈ ಕೆಲಸಕ್ಕೆ ಮುಂದಾಗಬೇಕೆಂದು ನಮ್ಮ ಅಭಿಪ್ರಾಯ. ಹಲಗೆಯ ಬೆಂಕಿ ಪರೀಕ್ಷೆಯ ಪತ್ರವಿಲ್ಲದೆ ಕಂತು ಬಿಡುಗಡೆಯಾಗಬಾರದು. ಅದರ ಸಾರಾಂಶ ಕನ್ನಡದಲ್ಲಿ ಓದಿ ಹೇಳಬೇಕು. ಹಲಗೆ ನಿಲ್ಲಿಸಿದ ಮೇಲೆ ಹತ್ತಿರದಲ್ಲಿ ಬೆಸುಗೆ ಬೇಡ. ತಂತಿಗಳು ನೊರೆಯನ್ನು ಮುಟ್ಟದಂತೆ ಕೊಳವೆಯೊಳಗೆ ಹಾಯಬೇಕು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಕೋಣೆಗೆ ಆನಿಸಿ ಒಟ್ಟುವ ಚಾಳಿಯಂತೂ ಇಂದೇ ನಿಲ್ಲಬೇಕು. ಇಷ್ಟಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಸಾಲದಲ್ಲಿಯೇ ಸೇರಿಸಿದರೆ ರೈತನಿಗೆ ಒಮ್ಮೆಲೇ ಹೊರೆಯಾಗದು.

ಇನ್ನು ಬಾಗಿಲು. ಒಳಗಿನಿಂದ ತಳ್ಳಿದರೆ ತೆರೆಯುವ ಹಿಡಿ ಇದೆಯೆಂದು ಕಂಪನಿಯವನು ಹೇಳಿದರೆ ಸಾಲದು. ಹಣ ಎಣಿಸುವ ಮುಂಚೆ ಒಳಗೆ ನಿಂತು, ಬಾಗಿಲು ಹಾಕಿಸಿ, ದೀಪ ಆರಿಸಿ, ಕತ್ತಲಲ್ಲಿ ಕೈಯಾಡಿಸಿ ತೆರೆದು ನೋಡಬೇಕು. ಪೆಟ್ಟಿಗೆ ಹೊರುವ ಹೆಣ್ಣಾಳುಗಳಿಂದಲೂ ತೆರೆಯಿಸಿ ನೋಡಬೇಕು. ದಿನಾ ಒಳಗೆ ಹೋಗುವವರು ಅವರು.