ಹಾಡೋರು ನಾವು, ಒಡೆಯರು ಯಾರು?

ತೀರ್ಥಹಳ್ಳಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೊರಡುತ್ತಾರೆ. ಮೊನ್ನೆಯ ಹಬ್ಬದಲ್ಲಿ ನಮ್ಮ ಹುಡುಗನೊಬ್ಬ ಆ ಹಾಡನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ಎರಡೇ ದಿನಕ್ಕೆ ನೋಟೀಸು ಬಂತು: ಈ ಹಾಡು ನಿಮ್ಮದಲ್ಲ, ಕಂಪನಿಯದು! ಹಾಡಿದವನು ನಮ್ಮ ಅಜ್ಜ. ಅಜ್ಜನಿಗೆ ಕಲಿಸಿದವನು ಅವನಪ್ಪ. ನಡುವೆ ಈ ಕಂಪನಿ ಯಾವ ಗದ್ದೆಯ ಬದುವಿನಲ್ಲಿ ಹುಟ್ಟಿತು?

ಅಜ್ಜನನ್ನು ಕೇಳಿದೆವು. "ಹತ್ತು ವರ್ಷದ ಹಿಂದೆ ಸ್ಟುಡಿಯೋಕ್ಕೆ ಕರ್ಕೊಂಡು ಹೋಗಿದ್ರು ಮಾರಾಯ. ಊಟ, ಬಸ್ ಚಾರ್ಜು, ಆಳಿಗೆ ಐನೂರು ರೂಪಾಯಿ ಕೊಟ್ರು. ಯಜಮಾನ್ರೇ, ಇಲ್ಲೊಂದು ಸೈನ್ ಹಾಕಿ, ಸುಮ್ನೆ ರೂಲ್ಸಿಗೆ ಅಂದ್ರು. ಹಾಕ್ದೆ."

ಆ ಕಾಗದ ಇಂಗ್ಲಿಷಿನಲ್ಲಿತ್ತು. ಪ್ರತಿಯನ್ನೂ ಕೊಟ್ಟಿರಲಿಲ್ಲ. ಕಾಡಿ ಬೇಡಿ ತರಿಸಿ ಓದಿದೆವು. ಎಂದೆಂದಿಗೂ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲೂ ಹಕ್ಕು ಕಂಪನಿಯದೇ ಎಂದು ಬರೆದಿತ್ತು. ಐನೂರು ರೂಪಾಯಿಗೆ ಎಂದೆಂದಿಗೂ!

ಗೆಳೆಯರೇ, ಈ ಆಟ ನಮಗೆ ಹೊಸದಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ. ಅಂದು ಧಣಿಯ ಕೈಯಲ್ಲಿ ಕೊಳಗ ಇತ್ತು, ಇಂದು ಕಂಪನಿಯ ಕೈಯಲ್ಲಿ ಕರಾರುಪತ್ರ ಇದೆ. ಹೆಬ್ಬೆಟ್ಟು ಮಾತ್ರ ಅಂದೂ ನಮ್ಮದೇ, ಇಂದೂ ನಮ್ಮದೇ.

"ಜಾನಪದ ಎಲ್ಲರದ್ದು, ಅದಕ್ಕೆಂಥ ದುಡ್ಡು ಕೇಳ್ತೀರಿ?" ಎಂದು ಕೆಲವು ಪಂಡಿತರು ಉಪದೇಶ ಮಾಡುತ್ತಾರೆ. ಎಲ್ಲರದ್ದಾದರೆ ಅದು ಕಂಪನಿಯೊಬ್ಬರ ಹೆಸರಿಗೆ ಖಾತೆಯಾದದ್ದು ಹೇಗೆ ಸ್ವಾಮಿ? ಕಂಪನಿಯ ಹಕ್ಕು ಅದು ಮಾಡಿಕೊಂಡ ಧ್ವನಿಮುದ್ರಣದ ಮೇಲೆ. ತಲೆಮಾರುಗಳಿಂದ ಬಂದ ಹಾಡಿನ ಮೇಲಲ್ಲ. ಅದೇ ಹಾಡನ್ನು ನಮ್ಮ ಅಂಗಳದಲ್ಲಿ ನಾವು ಮತ್ತೆ ಹಾಡಿದರೆ ತಡೆಯಲು ಇವರು ಯಾರು? ಹಾಗೆಂದೇ ನೋಟೀಸಿಗೆ ಉತ್ತರ ಬರೆದಿದ್ದೇವೆ.

ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುಗಾರನಿಗೆ ಜಾಗವೇ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪೊಂದರಲ್ಲಿ ಈ ಅನ್ಯಾಯವನ್ನು ಎತ್ತಿ ತೋರಿಸಿದರು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಬಂತು. ಹಾಡುಗಾರ, ವಾದ್ಯದವನಷ್ಟೇ ಅಲ್ಲ, ದೊಂಬರಾಟದವನು, ಹಾವಾಡಿಗ ಕೂಡ ಆ ಪಟ್ಟಿಯಲ್ಲಿದ್ದಾರೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಹಾಡಿಕೆ ವ್ಯಾಪಾರಕ್ಕೆ ಬಳಕೆಯಾದರೆ ಹಾಡಿದವನಿಗೆ ರಾಯಲ್ಟಿ ಸಲ್ಲಬೇಕೆಂದಿತು. ಸಹಿ ಹಾಕುವಾಗ ಹುಟ್ಟೇ ಇರದ ಮಾಧ್ಯಮದ ಹಕ್ಕನ್ನು, ಅದರ ಹೆಸರು ಹೇಳದೆ ಬರೆಸಿಕೊಂಡರೆ ನಡೆಯದು ಎಂದಿತು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಇದು ಗೊತ್ತಿದ್ದೇ ಅವರು "ಎಂದೆಂದಿಗೂ", "ಜಗತ್ತಿನಾದ್ಯಂತ" ಎಂದು ಬರೆಸಿಕೊಳ್ಳುವುದು.

ಆದರೆ ಕಾನೂನು ಇದ್ದರೆ ಸಾಲದು. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ ರದ್ದಾಯಿತು. ಆದರೂ ಫಾರಂ ನಂಬರ್ 7 ಕೊಡದ ಗೇಣಿದಾರರು ಉತ್ತ ಗದ್ದೆಯನ್ನೇ ಕಳೆದುಕೊಂಡರು. ಕೇಳದವನ ಹಕ್ಕು ಕಾಗದದಲ್ಲೇ ಕೊಳೆಯುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟು. ಸ್ಟುಡಿಯೋದಲ್ಲಿ ನಿಂತ ಕಾಲಲ್ಲಿ ಸಹಿ ಹಾಕಬೇಡಿ. ಕಾಗದ ಕನ್ನಡದಲ್ಲಿ ಕೇಳಿ. ಎಷ್ಟು ವರ್ಷ, ಎಲ್ಲೆಲ್ಲಿ, ರಾಯಲ್ಟಿ ಎಷ್ಟು ಅನ್ನೋದು ಬರೆದಿದೆಯೇ ನೋಡಿ. "ಎಂದೆಂದಿಗೂ" ಇದ್ದರೆ ಹೊಡೆದುಹಾಕಿಸಿ. ಒಂದು ಪ್ರತಿ ಮನೆಗೆ ತನ್ನಿ. ಹಳ್ಳಿಯ ಮೇಷ್ಟ್ರುಗಳೇ, ಅಜ್ಜಂದಿರು ಆ ಕಾಗದ ತಂದಾಗ ಕೂತು ಓದಿ ಹೇಳಿ. ಇದೂ ಅಕ್ಷರದ ಕೆಲಸವೇ.

ನಾವೂ ತಪ್ಪು ಮಾಡಿದ್ದೇವೆ. ಸಭೆಗೆ ಜನ ಸೇರಿಸಲು ಹಾಡುಗಾರರನ್ನು ಕರೆದು, ಮಾತಾಡುವವರಿಗೆ ಹಾರ ಹಾಕಿ, ಹಾಡಿದವರನ್ನು ಬರಿಗೈಲಿ ಕಳಿಸಿದ್ದೇವೆ. ಅದನ್ನು ಇಂದೇ ನಿಲ್ಲಿಸೋಣ.

ಉಳುವವನೇ ಹೊಲದೊಡೆಯ ಎಂದು ಕೂಗಿದ ಮಣ್ಣು ಇದು. ಹಾಡುವವರೇ ಹಾಡಿನೊಡೆಯರು ಎಂದು ಕೂಗಲು ಇನ್ನೆಷ್ಟು ದೀಪಾವಳಿ ಕಾಯೋಣ?