ಮೆಚ್ಚಿಗೆಯ ಹೊಣೆ

ಮೆಚ್ಚುವುದು ಸುಲಭದ ಕೆಲಸವೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಒಬ್ಬರು ಮಾಡಿದ ಸಾಹಸವನ್ನು ಕೇಳಿ ತಲೆದೂಗುವುದರಿಂದ ಕಾಲಿಗೆ ಶ್ರಮವಿಲ್ಲ, ಕೈಗೆ ಖರ್ಚಿಲ್ಲ. ಆದರೆ ಮೆಚ್ಚಿಗೆಯಲ್ಲಿಯೂ ತರತಮವುಂಟು. ಮೆಚ್ಚಿದವನನ್ನು ಇದ್ದಲ್ಲಿಯೇ ಕೂರಿಸಿಬಿಡುವ ಮೆಚ್ಚಿಗೆ ಒಂದು. ಅವನ ಕಣ್ಣನ್ನು ತೆರೆಸುವ ಮೆಚ್ಚಿಗೆ ಇನ್ನೊಂದು. ಕಾಡುಮೇಡು ಅಲೆದವರನ್ನು, ಹಕ್ಕಿಹುಳುಗಳ ಬೆನ್ನುಹತ್ತಿದವರನ್ನು ಕನ್ನಡಿಗರಾದ ನಾವು ಇಂದು ಯಾವ ಬಗೆಯಲ್ಲಿ ಮೆಚ್ಚುತ್ತಿದ್ದೇವೆ ಎಂಬುದು ವಿಚಾರಮಾಡತಕ್ಕ ಸಂಗತಿ.

ಅಂಥವರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಕುವೆಂಪು ಅವರು 'ಮಲೆನಾಡಿನ ಚಿತ್ರಗಳು' ಗ್ರಂಥವನ್ನು ಪ್ರಕಟಿಸಿದ್ದು ೧೯೩೩ರಲ್ಲಿ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರಗಳನ್ನು ಅರಸಿ ತಿರುಗಿದ ಅನುಭವವೇ 'ಹಸುರು ಹೊನ್ನು' ಆಗಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಕಾಡುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ ಕೃಪಾಕರ–ಸೇನಾನಿ ಜೋಡಿ ೧೯೯೭ರಲ್ಲಿ ವೀರಪ್ಪನ್ ಕೈಸೆರೆಯಾಗಿ ಹದಿನಾಲ್ಕು ದಿನ ಕಾಡಿನಲ್ಲಿ ಕಳೆದು ಬಂದರು. ಬಂದಮೇಲೂ ಕಾಡನ್ನು ಬಿಡಲಿಲ್ಲ. ಇನ್ನು ಪೂರ್ಣಚಂದ್ರ ತೇಜಸ್ವಿಯವರ ಮಾತಂತೂ ಹೇಳಬೇಕಾಗಿಯೇ ಇಲ್ಲ. ೨೦೦೭ರಲ್ಲಿ ಅವರು ತೀರಿಕೊಂಡರೂ, ಇಂದಿಗೂ ನನ್ನ ತರಗತಿಯಲ್ಲಿ ಅವರ ಹೆಸರೆತ್ತಿದೊಡನೆ ಹಿಂದಿನ ಬೆಂಚಿನ ಹುಡುಗರೂ ನೆಟ್ಟಗೆ ಕೂರುತ್ತಾರೆ.

ಬಯಲುಸೀಮೆಯ ಮೂಲೆಯೊಂದರಲ್ಲಿ, ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ ಬೆಳೆದವನು ನಾನು. ಅಂಥ ಊರಿನ ಹುಡುಗನಿಗೆ ಪ್ರಸಿದ್ಧರೆಲ್ಲ ದೂರದಲ್ಲಿಯೇ ಇರುತ್ತಾರೆ. ಪುಸ್ತಕದ ಮೂಲಕವಲ್ಲದೆ ಅವರ ದರ್ಶನವಿಲ್ಲ. ಮೂಡಿಗೆರೆಯವರ ಅದೃಷ್ಟ ಬೇರೆ. ಅವರ ಪಾಲಿಗೆ ತೇಜಸ್ವಿ ಸ್ಕೂಟರಿನಲ್ಲಿ ಓಡಾಡುವ, ಗಾಳ ಹಿಡಿದು ಹೊಳೆಯ ದಡದಲ್ಲಿ ಕೂರುವ ನೆರೆಯವರು. ನೆರೆಯವನನ್ನು ಮೆಚ್ಚುವುದು ಕಷ್ಟವೆಂದು ಲೋಕ ಹೇಳುತ್ತದೆ. ಆದರೆ ನೆರೆಯವನನ್ನು ಮೆಚ್ಚಿದವನಿಗೆ ಒಂದು ಲಾಭವುಂಟು: ಈತ ನೋಡುತ್ತಿರುವುದು ನಮ್ಮ ಹಿತ್ತಿಲನ್ನೇ, ಹಾಗಿದ್ದ ಮೇಲೆ ನಾವೂ ನೋಡಬಹುದಲ್ಲ ಎಂಬ ಧೈರ್ಯ ಅವನಿಗೆ ತಾನಾಗಿ ಹುಟ್ಟುತ್ತದೆ.

೧೯೮೦ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯ ತಿರುಳೂ ಇದೇ ಎಂದು ನನ್ನ ಭಾವನೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಆತನೇ ಬೇಕು. ಏಕೆಂದರೆ ಹಾರುವ ಓತಿಯನ್ನು ಕಂಡ ಕಣ್ಣು ಅವನದು. ಕೊನೆಗೆ ಓತಿ ಕೈಗೆ ಸಿಕ್ಕದೆ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಹಿಡಿದುಕೊಳ್ಳುವುದಕ್ಕಿಂತ ಕಾಣುವುದು ದೊಡ್ಡದೆಂದು ಕಾದಂಬರಿ ಬಾಯಿಬಿಟ್ಟು ಹೇಳದೆಯೇ ಹೇಳುತ್ತದೆ.

ಇಂದಿನ ಅಭಿಮಾನಿಗಳು ಹಿಡಿದಿರುವುದಾದರೂ ಏನನ್ನು? ಟೋಪಿಯನ್ನು, ಕ್ಯಾಮೆರಾವನ್ನು, ಶಿಖರದ ಮೇಲೆ ನಿಂತ ಭಂಗಿಯನ್ನು. ೨೦೨೪ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಕಿಕ್ಕಿರಿದುದನ್ನು ನಾಡೆಲ್ಲ ನೋಡಿತು. ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಕಡೆಗಳಲ್ಲಿ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಸರ್ಕಾರ ಆಜ್ಞೆಮಾಡಬೇಕಾಯಿತು. ಬೆಟ್ಟವನ್ನು ಪ್ರೀತಿಸುವವರಿಂದಲೇ ಬೆಟ್ಟವನ್ನು ಕಾಪಾಡಬೇಕಾಗಿ ಬಂದುದು ವಿಷಾದದ ಸಂಗತಿಯಲ್ಲವೆ? ಹೋದವರು ಕೆಟ್ಟವರೆಂದು ನಾನು ಹೇಳಲಾರೆ. ಅವರಲ್ಲಿ ನನ್ನ ವಿದ್ಯಾರ್ಥಿಗಳಂಥವರೂ ಇದ್ದಾರು. ಕಾಡೆಂದರೆ ಬೇರೆಲ್ಲೋ ಇರುವ ವಸ್ತು, ವಾರದ ಕೊನೆಗೆ ಹೋಗಿ ಕಂಡುಬರತಕ್ಕದ್ದು ಎಂಬ ತಿಳಿವಳಿಕೆಯಲ್ಲಿದೆ ದೋಷ.

ನಾನೀಗ ವಾಸವಾಗಿರುವ ಬೊಮ್ಮನಹಳ್ಳಿಯನ್ನೇ ನೋಡೋಣ. ಹೊಸೂರು ರಸ್ತೆಯ ಮಗ್ಗುಲಿನ ಈ ಹಳ್ಳಿ ಒಂದು ಕಾಲಕ್ಕೆ ಪೇಟೆಯವರಿಗೆ ದೂರದ ಊರು. ಅದು ನಗರಸಭೆಯಾಗಿ ಬೆಳೆದು, ೨೦೦೭ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿತು. ೨೦೨೫ರಲ್ಲಿ ಮೆಟ್ರೋ ರೈಲೂ ಬಂದಿತು. ಪೇಟೆಗೆ ಹತ್ತಿರವಾದಷ್ಟೂ ಊರು ತನ್ನ ನೆಲಕ್ಕೆ ದೂರವಾಯಿತು. ಕುಗ್ರಾಮವೆಂದು ನಾವು ಯಾವುದನ್ನು ಕರೆಯಬೇಕು? ಬಸ್ಸಿಲ್ಲದ ಊರನ್ನೋ, ಮನೆಯೆದುರಿನ ಮರದ ಹೆಸರು ತಿಳಿಯದ ಬೀದಿಯನ್ನೋ?

ಇಲ್ಲಿಂದ ಕೂಗಳತೆಯ ಬೇಗೂರಿನಲ್ಲಿ 'ಬೆಂಗಳೂರು' ಎಂಬ ಹೆಸರನ್ನು ಹೊತ್ತ, ಸುಮಾರು ಕ್ರಿ. ಶ. ೮೯೦ರ ಶಾಸನವಿದೆ, ಕೆರೆಯಿದೆ, ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳಿವೆ. ೧೯೭೪ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಬನ್ನೇರುಘಟ್ಟದ ಕಾಡು ಇಪ್ಪತ್ತು ಕಿಲೋಮೀಟರಿನೊಳಗೇ ಇದೆ. ಅಲ್ಲಿ ಕಾಡಾನೆಗಳು ಇಂದಿಗೂ ನಡೆದಾಡುತ್ತವೆ. ಆದರೆ ನಮ್ಮ ಹುಡುಗರಿಗೆ ಬನ್ನೇರುಘಟ್ಟವೆಂದರೆ ಬೋನಿನ ಹುಲಿ. ಮಡಿವಾಳವೆಂದರೆ ಬಸ್ಸು ಹಿಡಿಯುವ ಜಾಗ. ಬೆಳಗಿನ ಜಾವ ಅವರದೇ ತಾರಸಿಯ ಅಂಚಿನಲ್ಲಿ ಕುಳಿತು ಸಿಳ್ಳುಹಾಕುವ ಕಪ್ಪುಬಿಳುಪಿನ ಹಕ್ಕಿಗೂ ಮಡಿವಾಳವೆಂಬ ಹೆಸರೇ ಉಂಟೆಂದರೆ ಅವರಿಗೆ ಆಶ್ಚರ್ಯ.

ಕನ್ನಡ ಪಾಠ ಹೇಳುವವನಿಗೆ ಹಕ್ಕಿಯ ಗೊಡವೆಯೇಕೆಂದು ಕೆಲವರು ಕೇಳಿಯಾರು. ಹೆಸರು ಭಾಷೆಯ ಸ್ವತ್ತು. ಆದುದರಿಂದ ಅದು ನಮ್ಮ ಗೊಡವೆಯೇ. ಹೆಸರು ಮರೆತ ಪ್ರಾಣಿ ಕಣ್ಣಿಗೂ ಮರೆಯಾಗುತ್ತದೆ. ಕಣ್ಣಿಗೆ ಮರೆಯಾದುದು ನಾಳೆ ಇಲ್ಲವಾದರೂ ಅಳುವವರಿರುವುದಿಲ್ಲ. ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲಿಯೇ ಕಳೆಯುವ, ಸಂಜೆ ಅಂಗಡಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ಇದಕ್ಕೆಲ್ಲ ವೇಳೆಯೆಲ್ಲಿಯದು ಎಂಬ ಆಕ್ಷೇಪ ಇದಕ್ಕಿಂತ ತೂಕವಾದುದು. ಅದನ್ನು ತಳ್ಳಿಹಾಕುವಂತಿಲ್ಲ. ಅಂಥವನಿಗೆ ಮಲೆನಾಡಿನ ಚಾರಣ ಎಟುಕದ ಹಣ್ಣು. ಆತನಿಗಾಗಿಯೇ ಕಾಲೇಜಿನ ಅಂಗಳದ ಹೊಂಗೆಮರ ಮುಖ್ಯವಾಗುತ್ತದೆ. ಅದನ್ನು ನೋಡುವುದಕ್ಕೆ ಹತ್ತು ನಿಮಿಷ ಸಾಕು, ಟಿಕೀಟು ಬೇಡ.

ಪ್ರತಿಯೊಂದು ಕಾಲೇಜಿನಲ್ಲಿಯೂ ಒಂದು ದಪ್ಪ ನೋಟುಪುಸ್ತಕವಿರಲಿ. ಸುತ್ತಣ ಒಂದು ಮೈಲಿಯೊಳಗಿನ ಗಿಡ, ಹಕ್ಕಿ, ಹುಳುಗಳನ್ನು ವಿದ್ಯಾರ್ಥಿಗಳು ದಿನಾಂಕ ಸಹಿತ ಬರೆಯಲಿ. ಹಳಬರನ್ನು ಕೇಳಿ ಊರಿನ ಹೆಸರನ್ನೂ ಪಕ್ಕದಲ್ಲಿ ಬರೆಯಲಿ. ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಅದನ್ನು ತಿದ್ದಲಿ. ಹತ್ತು ವರ್ಷ ಹೀಗೆ ನಡೆದರೆ, ಕೆರೆಯನ್ನು ಮುಚ್ಚಲು ಬಂದವರ ಮುಂದೆ ಇಡಬಹುದಾದ ಸಾಕ್ಷ್ಯವೂ ಅದೇ ಆದೀತು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ಎದುರಿಸಿ ನಿಂತದ್ದು ಹಠಾತ್ತನೆ ಹುಟ್ಟಿದ ಆವೇಶದಿಂದಲ್ಲ. ಅವರು ಆಯುಷ್ಯವೆಲ್ಲ ಕಣ್ಣಿಟ್ಟು ನೋಡಿದ ನೆಲದ ಋಣ ಅದು.

ಹಿರಿಯರನ್ನು ಮೆಚ್ಚೋಣ, ಧಾರಾಳವಾಗಿಯೇ ಮೆಚ್ಚೋಣ. ಆದರೆ ಅವರು ನಿಂತ ಬಂಡೆಯ ಮೇಲೆಯೇ ನಾವೂ ನಿಲ್ಲಬೇಕಾದ ಅಗತ್ಯವಿಲ್ಲ. ಅವರು ತಮ್ಮ ಊರನ್ನು ನೋಡಿದಂತೆ ನಾವು ನಮ್ಮ ಊರನ್ನು ನೋಡಿದರೆ ಸಾಕು.